ಚಪಡನ ಸಹಿ

ಬೇಸಿಗೆ ಬರವಣಿಗೆ ಶಿಬಿರ ಮುಗಿಯೋಕೆ ಎರಡೇ ದಿನ. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಕೊನೆಯ ಪ್ರಬಂಧದ ಮೊದಲ ಸಾಲೇ ಹುಟ್ಟಿರಲಿಲ್ಲ. 'ಮಾಮ, ಒಂದು ವಿಷಯ ಹೇಳು' ಅಂತ ರಾಗ. ಹುರಿದ ಶೇಂಗಾ ಕಟ್ಟಿಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ದೆ. ಮೇ ಬಿಸಿಲಿಗೆ ಬೆಟ್ಟದ ಬಂಡೆಗಳೆಲ್ಲ ಕಾದ ಹೆಂಚು.

1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ತೋರಿಸಿ, 'ತಂದೆತಾಯಿ ಮಾತು ಕೇಳು, ಗುರುಗಳನ್ನು ಗೌರವಿಸು, ಸತ್ಯ ಹೇಳು ಅಂತಿದೆ' ಎಂದೆ.

'ಇಷ್ಟೇನಾ? ಇದನ್ನ ಅಮ್ಮ ದಿನಾ ಹೇಳ್ತಾಳೆ' ಅಂದಳು, ಶೇಂಗಾ ಸಿಪ್ಪೆ ಊದುತ್ತ.

ಆಗ ಚಪಡ ಕೈಹಿಡಿದ. ಶಾಸನ ಬರೆದ ಲಿಪಿಕಾರ ಆತ. ಇಡೀ ಒಕ್ಕಣೆ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕಾರ' ಅನ್ನೋ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ. ಅದು ದೂರದ ವಾಯವ್ಯ ಸೀಮೆಯ ಲಿಪಿ. ಇಲ್ಲಿ ಎಷ್ಟು ಜನ ಓದಿದರೋ! ಜಂಬವೇ ಇರಬೇಕು ಅಂತ ನನ್ನ ಗುಮಾನಿ.

ಹುಡುಗಿ ಕಣ್ಣರಳಿಸಿದಳು. ರಾತ್ರಿಯೇ ನಾಲ್ಕು ಪುಟ ಗೀಚಿದಳು. ಕೆಳಗೆ ಸಹಿ, ಬಲದಿಂದ ಎಡಕ್ಕೆ.

ಶಿಬಿರದವರು ಕೊಟ್ಟ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ.