ಗಡ್ಡಕ್ಕೊಂದು ಮೆಡಲ್

ಹವ್ಯಾಸಿ ಛಾಯಾಗ್ರಾಹಕರ ಕ್ಲಬ್ಬಿಗೆ ಮುಖ್ಯವಾಗಿ ಬೇಕಾದದ್ದು ಕ್ಯಾಮೆರಾ ಎಂದು ತಿಳಿದವರು ಅಂಥ ಕ್ಲಬ್ಬಿನ ಸದಸ್ಯರೊಬ್ಬರ ಜೊತೆ ಸಂಸಾರ ಮಾಡಿದವರಲ್ಲ. ಕ್ಯಾಮೆರಾ ಹೇಗೋ ಕಂತಿನ ಮೇಲೆ ಮನೆಗೆ ಬರುತ್ತದೆ. ಬೇಕಾದದ್ದು ಗಡ್ಡ. ಅದೂ ಬಿಳಿಯದಾಗಿರಬೇಕು, ಎದೆಯವರೆಗೆ ಇಳಿದಿರಬೇಕು, ಗಡ್ಡದ ಮೇಲೊಂದು ಸುಕ್ಕುಗಟ್ಟಿದ ಮುಖ, ಮುಖದಲ್ಲೊಂದು ಬೀಡಿ, ಬೀಡಿಯ ಹೊಗೆಗೆ ಪಕ್ಕದಿಂದ ಬೀಳುವ ಬೆಳಕು. ಗಡ್ಡ ಬೆಳೆಯುವುದು ಒಬ್ಬರ ಮುಖದಲ್ಲಿ, ಮೆಡಲ್ ಬೀಳುವುದು ಇನ್ನೊಬ್ಬರ ಕೊರಳಿಗೆ. ಪಿಕ್ಟೋರಿಯಲ್ ವಿಭಾಗ ಎನ್ನುವುದು ಇದಕ್ಕೇ.

ನಾನು ಚಾಮರಾಜನಗರದ ಕಡೆಯವಳು, ಸೇರಿದ್ದು ಕಿಣತ್ತುಕಡವಿಗೆ. ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ಹೆದ್ದಾರಿಯಲ್ಲಿ, ಪೊನ್‌ಮಲೆ ಗುಡ್ಡದ ಮೇಲೆ ವೇಲಾಯುಧಸ್ವಾಮಿಯ ಗುಡಿ ಕಂಡಿತೆಂದರೆ ನಮ್ಮೂರು ಬಂತು. ಸುತ್ತ ತೆಂಗಿನ ತೋಟ, ಟೊಮೆಟೊ ಹೊಲ. ಪಶ್ಚಿಮಘಟ್ಟ ಪಾಲಕ್ಕಾಡಿನ ಹತ್ತಿರ ಬಾಗಿಲು ತೆರೆದಿಟ್ಟುಬಿಟ್ಟಿರುವುದರಿಂದ ಆಚೆ ಕಡೆಯ ಗಾಳಿಯೆಲ್ಲ ನೆಟ್ಟಗೆ ನಮ್ಮ ಮನೆ ಅಂಗಳಕ್ಕೇ ಬರುತ್ತದೆ; ಒಣಗಹಾಕಿದ ಸೀರೆ ಪಕ್ಕದ ತೋಟದಲ್ಲಿ ಸಿಗುತ್ತದೆ. ಈ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ ಗೌಡರ ಮನೆಗಳಲ್ಲಿ, ದೇವಾಂಗರ ಮನೆಗಳಲ್ಲಿ ಆಡುವುದು ಕನ್ನಡ, ಓದುವುದು ಬರೆಯುವುದು ತಮಿಳು. ಆದ್ದರಿಂದ ನಾನಿಲ್ಲಿ ಬರೆಯುತ್ತಿರುವುದನ್ನು ನಮ್ಮ ಯಜಮಾನರು ಓದಲಾರರು. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಕ್ಲಬ್ ಕೂಡುವುದು ತಿಂಗಳಿಗೊಂದು ಭಾನುವಾರ, ಒಂದು ಸ್ಟುಡಿಯೊದ ಮಹಡಿಯಲ್ಲಿ. ಸದಸ್ಯರಲ್ಲಿ ಕೊಬ್ಬರಿ ವ್ಯಾಪಾರಿ ಒಬ್ಬರು, ಬ್ಯಾಂಕಿನಿಂದ ನಿವೃತ್ತರಾದ ಗುಮಾಸ್ತರೊಬ್ಬರು, ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ, ಒಬ್ಬ ಹಲ್ಲಿನ ಡಾಕ್ಟರು. ಡಾಕ್ಟರಿಗೆ ಮ್ಯಾಕ್ರೊ ಲೆನ್ಸ್ ಮೊದಲೇ ಇತ್ತು, ಕೆಲಸಕ್ಕೆ ಬೇಕಾಗಿ. ಈಗ ಅದೇ ಲೆನ್ಸಿನಲ್ಲಿ ಜೇಡ, ಕಣಜ ತೆಗೆಯುತ್ತಾರೆ. ಪರದೆಯ ಮೇಲೆ ಆಳೆತ್ತರದ ಜೇಡ ಬಾಯಿ ತೆರೆದು ನಿಂತಾಗ ಡಾಕ್ಟರೊಬ್ಬರೇ ಹತ್ತಿರ ಹೋಗಿ ಬಗ್ಗಿ ನೋಡುವುದು.

ಇದೆಲ್ಲ ಯಾಕೆ ಎಂದು ಕೇಳಿದರೆ ನಮ್ಮವರು ಚರಿತ್ರೆ ತೆಗೆಯುತ್ತಾರೆ. ಮುಂಬಯಿಯಲ್ಲಿ 1854ರಲ್ಲೇ ಫೋಟೊ ಸಂಘ ಇತ್ತು, ಮದರಾಸು ಮತ್ತು ಕಲ್ಕತ್ತೆಯವರು ಅದರ ಹಿಂದೆಯೇ ಹುಟ್ಟುಹಾಕಿದರು, ರೈಲು ಸರಿಯಾಗಿ ಓಡುವ ಮೊದಲೇ ಈ ದೇಶದಲ್ಲಿ ಜನ ಕೂತು ಒಬ್ಬರ ಫೋಟೊ ಇನ್ನೊಬ್ಬರು ಬೈಯುತ್ತಿದ್ದರು ಎನ್ನುವುದು ಅವರ ವಾದ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರದು. ಅಲ್ಲಿ ಇವತ್ತಿಗೂ ಸಲೂನ್ ನಡೆಯುತ್ತದೆ. (ಸಲೂನ್ ಎಂದರೆ ಫೋಟೊಗಳ ಸ್ಪರ್ಧೆ. ನಮ್ಮತ್ತೆ ಮೊದಲ ಸಲ ಕೇಳಿದಾಗ, ಕಟಿಂಗ್ ಮಾಡಿಸಲು ಮಗ ಬೆಂಗಳೂರಿಗೆ ಯಾಕೆ ಹೋಗಬೇಕೆಂದು ಚಿಂತೆ ಮಾಡಿದ್ದರು.) ತೋಟದ ನೀರು ಯಾಕೆ ಬಿಟ್ಟಿಲ್ಲ ಎಂದು ಕೇಳಿದರೆ, ಸಂಡೂರಿನ ಎಂ. ವೈ. ಘೋರ್ಪಡೆಯವರ ಮಾತು ಬರುತ್ತದೆ. ಕರ್ನಾಟಕದ ಹಣಕಾಸು ಸಚಿವರಾಗಿದ್ದವರೇ ಕ್ಯಾಮೆರಾ ಹಿಡಿದು ಕಾಡು ಅಲೆಯಲಿಲ್ಲವೇ? ಅಲೆದರು, ಒಪ್ಪಿದೆ. ಆದರೆ ಅವರದು ಸಂಡೂರಿನ ರಾಜಮನೆತನ. ನಮ್ಮದು ಮೂರು ಎಕರೆ ತೆಂಗು, ಅದರಲ್ಲೂ ಬಿಳಿನೊಣದ ಕಾಟ.

ಚರಿತ್ರೆಗಿಂತ ದೊಡ್ಡ ಆಸೆ ಅಕ್ಷರಗಳದು. 1950ರಲ್ಲಿ ಯೂರೋಪಿನಲ್ಲಿ ಶುರುವಾದ ಅಂತರರಾಷ್ಟ್ರೀಯ ಒಕ್ಕೂಟವೊಂದಿದೆ, ಫಿಯಾಪ್ ಎಂದು. 1953ರಲ್ಲಿ ಹುಟ್ಟಿದ ನಮ್ಮ ದೇಶದ ಒಕ್ಕೂಟವೂ ಅದರ ಸದಸ್ಯ. ಬೇರೆ ಬೇರೆ ದೇಶಗಳ ಸಲೂನುಗಳಿಗೆ ದುಡ್ಡು ಕಟ್ಟಿ ಫೋಟೊ ಕಳಿಸುತ್ತಾ ಹೋಗಬೇಕು. ಸಾಕಷ್ಟು ಕಡೆ ಆಯ್ಕೆಯಾದರೆ ಹೆಸರಿನ ಮುಂದೆ ಎ.ಎಫ್.ಐ.ಎ.ಪಿ. ಎಂದು ಹಾಕಿಕೊಳ್ಳಬಹುದು. ಇನ್ನೂ ಮೇಲೆ ಹೋದರೆ ಮೊದಲಕ್ಷರ ಬದಲಾಗುತ್ತದೆ. ನಮ್ಮ ಗುಮಾಸ್ತರು ಈ ಅಕ್ಷರಗಳನ್ನು ಸಂಪಾದಿಸಿದ ವರ್ಷವೇ ಮಗಳ ಮದುವೆ ಬಂತು, ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ ಅಚ್ಚಾಯಿತು. ಬೀಗರ ಕಡೆಯ ಹಿರಿಯರೊಬ್ಬರು ಅದು ದೊಡ್ಡ ಡಾಕ್ಟರ ಡಿಗ್ರಿ ಎಂದುಕೊಂಡು ಛತ್ರದ ಮೂಲೆಗೆ ಕರೆದೊಯ್ದು ಪಂಚೆ ಎತ್ತಿ ಮಂಡಿ ತೋರಿಸಿದರು. ಗುಮಾಸ್ತರು ಮಂಡಿಯನ್ನು ನೋಡಿ, "ಟೆಕ್ಸ್‌ಚರ್ ಚೆನ್ನಾಗಿದೆ" ಅಂದರಂತೆ.

ತಿಂಗಳ ಸ್ಪರ್ಧೆಗೆ ತೀರ್ಪುಗಾರರು ಹೊರಗಿನಿಂದ ಬರುತ್ತಾರೆ. ಒಳಗಿನವರೇ ತೀರ್ಪು ಕೊಟ್ಟರೆ ಕ್ಲಬ್ ಉಳಿಯುವುದಿಲ್ಲ. ಬಂದವರು ಯಾರೇ ಆಗಲಿ, ಪ್ರತಿ ಫೋಟೊವನ್ನೂ ಎಡಗಡೆ ಸ್ವಲ್ಪ ಕತ್ತರಿಸಿ ಅನ್ನುತ್ತಾರೆ. ಕತ್ತರಿಸಿ ತಂದರೆ ಮುಂದಿನ ತಿಂಗಳು ಬಂದ ಇನ್ನೊಬ್ಬರು ಎಡಗಡೆ ಉಸಿರಾಡಲು ಜಾಗ ಬಿಡಬೇಕಿತ್ತು ಎನ್ನುತ್ತಾರೆ. ಮನುಷ್ಯನನ್ನು ನಡುವೆ ನಿಲ್ಲಿಸಬಾರದು, ಚೌಕಟ್ಟನ್ನು ಮೂರು ಪಾಲು ಮಾಡಿ ಗೆರೆಯ ಮೇಲೆ ನಿಲ್ಲಿಸಬೇಕು ಎನ್ನುವ ನಿಯಮವಂತೂ ವೇದವಾಕ್ಯ. ಈ ಮೂರು ಪಾಲಿನ ಮಾತನ್ನು 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ತನ್ನ ಪುಸ್ತಕದಲ್ಲಿ ಬರೆದದ್ದು. ಆಗ ಫೋಟೊ ಎನ್ನುವುದೇ ಹುಟ್ಟಿರಲಿಲ್ಲ. ಹೀಗೆ ಕ್ಯಾಮೆರಾಕ್ಕಿಂತ ಮೊದಲೇ ಕ್ಯಾಮೆರಾ ಹಿಡಿದವರನ್ನು ಬೈಯುವ ನಿಯಮ ಸಿದ್ಧವಾಗಿತ್ತು. ನಮ್ಮ ಮನೆಯ ಕುಟುಂಬ ಫೋಟೊಗಳಲ್ಲಿ ಈಗ ಎಲ್ಲರೂ ಬಲಗಡೆ ಒತ್ತಿಕೊಂಡು ನಿಂತಿರುತ್ತೇವೆ. ಎಡಗಡೆ ಎರಡು ಪಾಲು ಕಾಂಪೌಂಡ್ ಗೋಡೆ.

ಗಡ್ಡದ ತಾತನನ್ನು ಕ್ಲಬ್ಬಿನವರು ಕಂಡುಹಿಡಿದದ್ದು ಆಡು ಮೇಯಿಸುವಾಗ. ಮೊದಮೊದಲು ತಾತ ನಾಚಿಕೊಂಡು ಟವಲ್ಲು ಮುಖಕ್ಕೆ ಹಾಕಿಕೊಳ್ಳುತ್ತಿದ್ದ. ಒಂದು ಟೀ, ಒಂದು ಕಟ್ಟು ಬೀಡಿ ಎಂದು ವ್ಯವಹಾರ ಶುರುವಾಯಿತು. ತಾತನ ಮುಖ ಒಂದು ಸಲೂನಿನಲ್ಲಿ ಆಯ್ಕೆಯಾದ ಸುದ್ದಿ ಹರಡಿದ್ದೇ ತಡ, ಎಲ್ಲರೂ ಆಡಿನ ಹಿಂದೆ ಬಿದ್ದರು. ಹೊಗೆ ಬಿಡುವ ತಾತ, ಮರಿ ಎತ್ತಿಕೊಂಡ ತಾತ, ಸಂಜೆ ಧೂಳಿನಲ್ಲಿ ಆಡು ಹೊಡೆದುಕೊಂಡು ಬರುವ ತಾತ. ಧೂಳು ಸಾಲದಾದಾಗ ಪಂಪ್‌ಸೆಟ್ ಹುಡುಗ ಬೈಕಿನಲ್ಲಿ ಹೋಗಿ ಎಬ್ಬಿಸಿ ಬರುತ್ತಿದ್ದ. ಒಂದೇ ಸ್ಪರ್ಧೆಯಲ್ಲಿ ಮೂರು ಬಹುಮಾನವೂ ತಾತನಿಗೇ ಬಂದದ್ದುಂಟು. ಎಂದರೆ, ತಾತನನ್ನು ತೆಗೆದ ಮೂವರಿಗೆ.

ತಾತ ಬೇಗ ಕಲಿತ. "ಬೆಳಕು ಆ ಕಡೆಯಿಂದ ಬತ್ತದೆ ಸಾಮಿ, ನೀವು ಈ ಕಡೆ ನಿಂತ್ರೆ ಏನು ಬೀಳ್ತದೆ?" ಎಂದು ಹೊಸ ಸದಸ್ಯರನ್ನು ತಿದ್ದತೊಡಗಿದ. ಮಧ್ಯಾಹ್ನ ಹನ್ನೆರಡಕ್ಕೆ ಹೋದವರನ್ನು ಬೈದು, ನಾಲ್ಕೂವರೆಗೆ ಬನ್ನಿ ಎಂದು ವಾಪಸು ಕಳಿಸಿದ. ಕೂಲಿ ಏರಿಸಿದ, ಬೀಡಿ ಇದ್ದರೆ ಒಂದು ದರ, ಆಡುಮರಿ ಇದ್ದರೆ ಇನ್ನೊಂದು.

ಇದು ಮೋಸವಲ್ಲವೇ ಎಂದು ನಾನು ನಮ್ಮವರನ್ನು ಕೇಳಿದೆ. ಆಗ ಅವರು ತೋಳದ ಕತೆ ಹೇಳಿದರು. 2009ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದದ್ದು ಸ್ಪೇನಿನ ಹೋಸೆ ಲೂಯಿಸ್ ರೊಡ್ರಿಗೆಸ್ ತೆಗೆದ ತೋಳದ ಫೋಟೊಗೆ. ರಾತ್ರಿಯಲ್ಲಿ ಬೇಲಿಯ ಗೇಟನ್ನು ಹಾರುತ್ತಿರುವ ತೋಳ. ಮುಂದಿನ ಜನವರಿಯಲ್ಲಿ ಬಹುಮಾನ ವಾಪಸಾಯಿತು. ಅದು ಕಾಡಿನದಲ್ಲ, ಪಳಗಿಸಿ ಕ್ಯಾಮೆರಾಗೆ ಬಾಡಿಗೆ ಕೊಡುವ ತೋಳವಿರಬೇಕು ಎಂದು ತೀರ್ಪುಗಾರರು ತೀರ್ಮಾನಿಸಿದರು. ಆತ ಅದನ್ನು ಒಪ್ಪಲಿಲ್ಲ. "ನೋಡು, ತೋಳ ಮಾಡೆಲ್ ಆದರೆ ತಪ್ಪು. ತಾತ ಮಾಡೆಲ್ ಆದರೆ ತಪ್ಪಿಲ್ಲ. ಪಿಕ್ಟೋರಿಯಲ್‌ನಲ್ಲಿ ಎಲ್ಲಾ ನಡೆಯುತ್ತೆ," ಎಂದರು ನಮ್ಮವರು. ನನ್ನ ಅಭಿಪ್ರಾಯದಲ್ಲಿ ತೋಳಕ್ಕಿಂತ ನಮ್ಮ ತಾತನೇ ಹೆಚ್ಚು ಪಳಗಿದ್ದ.

2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬಾತ ಸೋನಿ ಸಂಸ್ಥೆಯ ಹೆಸರಿನ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಗೆದ್ದು, ಇದು ಫೋಟೊ ಅಲ್ಲ, ಕೃತಕ ಬುದ್ಧಿಮತ್ತೆ ಮಾಡಿಕೊಟ್ಟ ಚಿತ್ರ ಎಂದು ಬಹುಮಾನ ಬೇಡವೆಂದ. ಮಹಡಿಯ ಮೇಲೆ ದೊಡ್ಡ ಚರ್ಚೆ. ಇನ್ನು ಮುಂದೆ ಕಂಪ್ಯೂಟರೇ ಗಡ್ಡದ ತಾತಂದಿರನ್ನು ಸೃಷ್ಟಿಸುತ್ತದೆ, ಹೊಗೆ ಸಮೇತ, ಎಂದು ಯಾರೋ ಹೇಳಿದ್ದು ತಾತನ ಕಿವಿಗೂ ಬಿತ್ತು. ತಾತ ಯೋಚನೆ ಮಾಡಿ ಕೇಳಿದ: "ಆ ತಾತಂಗೆ ದಿನಕ್ಕೆ ಎಷ್ಟು ಕೊಡ್ತೀರಿ?"

ಏನೂ ಕೊಡಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ತಾತ ಎರಡು ದಿನ ಸಪ್ಪಗಿದ್ದ.

ಆದರೆ ತಾತನ ವೃತ್ತಿಗೆ ಕುತ್ತು ಬಂದದ್ದು ಕಂಪ್ಯೂಟರಿನಿಂದಲ್ಲ, ಮುರುಗನಿಂದ. ಅಷ್ಟು ದಿನ ಬೆಳೆಸಿದ್ದು ಪಳನಿಯ ಹರಕೆಯ ಗಡ್ಡ. ಮೊಮ್ಮಗಳಿಗೆ ಮಗುವಾದರೆ ಮುಡಿ ಕೊಡುತ್ತೇನೆಂದು ಹೇಳಿಕೊಂಡಿದ್ದ. ಮಗುವಾಯಿತು. ಅತ್ತ ದೊಡ್ಡ ಸಲೂನೊಂದರ ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿ ಹಣ್ಣುಕಾಯಿ ಹಿಡಿದುಕೊಂಡು ತಾತನ ಮನೆಗೆ ಹೋಗಿ, ಹರಕೆಯನ್ನು ಒಂದು ತಿಂಗಳು ಮುಂದೂಡಲು ಸಾಧ್ಯವೇ ಎಂದು ಕೇಳಿದರು. "ನಿಮ್ಮ ದಿನಾಂಕ ಮುಂದಕ್ಕೆ ಹಾಕ್ಸಿ ಸಾಮಿ. ಪಳನಿಯೋನು ನಂಗೇನು ಮೆಡಲ್ ಕೊಟ್ಟಿಲ್ಲ, ಮರಿಮಗ ಕೊಟ್ಟವ್ನೆ" ಅಂದ ತಾತ. ಹೋಗಲಿ, ತಲೆಯದನ್ನು ಮಾತ್ರ ಕೊಟ್ಟು ಗಡ್ಡ ಉಳಿಸಿಕೊಳ್ಳಬಹುದಲ್ಲ ಎಂದು ಕಾರ್ಯದರ್ಶಿ ಇನ್ನೊಂದು ದಾರಿ ತೋರಿಸಿದರು. ಒಳಗಿಂದ ತಾತನ ಮಗಳು ಪೊರಕೆ ಸಮೇತ ಬಂದಳಂತೆ. ನುಣ್ಣಗೆ ಬೋಳಿಸಿಕೊಂಡು, ಗಂಧ ಬಳಿದುಕೊಂಡು ಪಳನಿಯಿಂದ ಬಂದ ತಾತನನ್ನು ಬೀದಿಯಲ್ಲಿ ಕ್ಲಬ್ಬಿನವರೊಬ್ಬರೂ ಗುರುತು ಹಿಡಿಯಲಿಲ್ಲ.

ಗಡ್ಡ ಹೋದಮೇಲೆ ಎಲ್ಲರೂ ನೇಚರ್ ವಿಭಾಗಕ್ಕೆ ನುಗ್ಗಿದರು. ನಮ್ಮ ಸೀಮೆಯಲ್ಲಿ ನವಿಲಿಗೆ ಬರವಿಲ್ಲ; ಟೊಮೆಟೊ ಕುಕ್ಕಿ ಹಾಳುಮಾಡುವ ನವಿಲನ್ನು ರೈತರು ಶಪಿಸದ ದಿನವಿಲ್ಲ. ನಮ್ಮವರು ನಮ್ಮದೇ ತೋಟದಲ್ಲಿ ಬೆಳಗಿನ ಜಾವ ಕೂತು ಗರಿಬಿಚ್ಚಿದ ನವಿಲನ್ನು ಹಿಡಿದರು. ನಿಜಕ್ಕೂ ಚೆನ್ನಾಗಿತ್ತು, ನಾನೇ ಹೇಳುತ್ತಿದ್ದೇನೆ. ಮೂಲೆಯಲ್ಲಿ ಹನಿ ನೀರಾವರಿಯ ಕಪ್ಪು ಪೈಪು ಒಂದು ಗೇಣು ಕಾಣುತ್ತಿತ್ತು. ನೇಚರ್ ವಿಭಾಗದಲ್ಲಿ ಮನುಷ್ಯನ ಕೈವಾಡದ ಸುಳಿವು ಇರಬಾರದು. ಪೈಪನ್ನು ಕಂಪ್ಯೂಟರಿನಲ್ಲಿ ಅಳಿಸುವಂತೆಯೂ ಇಲ್ಲ; ಇದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಎರಡೂ ನಿಷಿದ್ಧ. ಸರಿ, ಅಂಚು ಕತ್ತರಿಸೋಣವೆಂದರೆ ಪೈಪಿನ ಜೊತೆ ಬಾಲವೂ ಹೋಗುತ್ತದೆ. ಹಿಂದೆ ಕಾಣುವ ತೆಂಗೂ ನೆಟ್ಟದ್ದೇ ಎಂದು ಡಾಕ್ಟರು ನೆನಪಿಸಿದರು. ಮನುಷ್ಯರು ಕಟ್ಟಿದ್ದರಲ್ಲಿ ಗೂಡು ಮಾಡುವ ಕಣಜಗೂಬೆ, ಕೊಕ್ಕರೆಯಂಥವಕ್ಕೆ ಮಾತ್ರ ನಿಯಮದಲ್ಲಿ ರಿಯಾಯಿತಿ ಇದೆಯಂತೆ. ನವಿಲು ನಮ್ಮ ಟೊಮೆಟೊ ತಿಂದೇ ಬದುಕುತ್ತಿರುವಾಗ ಅದಕ್ಕೇಕೆ ರಿಯಾಯಿತಿ ಇಲ್ಲವೋ, ಬಲ್ಲವರು ಹೇಳಬೇಕು.

ಅಷ್ಟರಲ್ಲಿ ಟೊಮೆಟೊ ಬೆಲೆ ಬಿತ್ತು. ಇಲ್ಲಿಯವರಿಗೆ ಇದು ಹೊಸದಲ್ಲ. ಮಾರುಕಟ್ಟೆಯಲ್ಲಿ ಸಿಗುವ ದುಡ್ಡು ಕೊಯ್ಯುವ ಕೂಲಿಗೂ ಗಾಡಿ ಬಾಡಿಗೆಗೂ ಸಾಲದಾದಾಗ ರೈತರು ತಂದ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ನಮ್ಮ ಚಿಕ್ಕಮಾವನವರೂ ಸುರಿದರು. ಸುದ್ದಿ ಬಂದ ಹತ್ತು ನಿಮಿಷದಲ್ಲಿ ಇಡೀ ಕ್ಲಬ್ ಅಲ್ಲಿತ್ತು. ಫೋಟೊ ಜರ್ನಲಿಸಂ ವಿಭಾಗ. ಸಂಜೆಯ ಬಿಸಿಲು, ಕೆಂಪು ರಾಶಿ, ಹಿಂದೆ ಗಾಳಿಯಂತ್ರದ ರೆಕ್ಕೆ. ಒಬ್ಬರು ಮರ ಹತ್ತಿದರು. ಇನ್ನೊಬ್ಬರು ಹಣ್ಣಿನ ನಡುವೆಯೇ ಅಂಗಾತ ಮಲಗಿದರು. ಗುಮಾಸ್ತರು ತಡವಾಗಿ ಬಂದವರು, ಕಾರ್ ನಿಲ್ಲಿಸಿದವರೇ ಕೂಗಿದರು: "ಗೌಡರೇ, ಇನ್ನೊಂದು ಪೆಟ್ಟಿ ಇದ್ದರೆ ಸುರೀರಿ, ಸ್ವಲ್ಪ ನಿಧಾನಕ್ಕೆ."

ಚಿಕ್ಕಮಾವ ತಿರುಗಿ ನೋಡಿದರು. "ನಮಗೆ ಬೆಲೆ ಬಿದ್ದಾಗಲೆಲ್ಲ ನಿಮಗೆ ಬೆಳಕು ಚೆನ್ನಾಗಿರ್ತದಲ್ಲ," ಎಂದರು. ಖಾಲಿ ಪೆಟ್ಟಿಗಳನ್ನು ಗಾಡಿಗೆ ಎಸೆದುಕೊಂಡು ಹೊರಟುಹೋದರು.

ಯಾರೂ ಮಾತಾಡಲಿಲ್ಲ. ನಮ್ಮವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ರಾಶಿಯ ಮೇಲ್ಗಡೆ ನಜ್ಜುಗುಜ್ಜಾಗದ ಹಣ್ಣನ್ನು ನನ್ನ ಸೆರಗಿಗೆ ಆರಿಸಿ ಹಾಕಿದರು. ಎರಡು ವಾರ ಮನೆಯಲ್ಲಿ ಟೊಮೆಟೊ ತೊಕ್ಕು, ಟೊಮೆಟೊ ಸಾರು, ಟೊಮೆಟೊ ಚಟ್ನಿ. ಗುಮಾಸ್ತರ ಫೋಟೊ ಮಾತ್ರ ಆಯ್ಕೆಯಾಯಿತು. ಆ ವಿಭಾಗದಲ್ಲಿ ಏನನ್ನೂ ಹೇಳಿ ಮಾಡಿಸಬಾರದು ಎನ್ನುವುದು ನಿಯಮ. ಚಿಕ್ಕಮಾವ ಇನ್ನೊಂದು ಪೆಟ್ಟಿ ಸುರಿಯಲಿಲ್ಲವಾದ್ದರಿಂದ ಗುಮಾಸ್ತರು ನಿಯಮ ಮುರಿದಂತಾಗಲಿಲ್ಲ.

ಕ್ಲಬ್ ಚೆನ್ನಾಗಿ ನಡೆಯುತ್ತಿದೆ. ಈ ತಿಂಗಳ ವಿಷಯ "ರಸ್ತೆ", ಕೆಳಗಿನಿಂದ ಮೇಲಕ್ಕೆ ನೋಡುವ ಕೋನ ಕಡ್ಡಾಯ. ಆದ್ದರಿಂದ ಈ ಕಡೆ ಬರುವ ಕನ್ನಡದ ಬಂಧುಗಳಲ್ಲಿ ಒಂದು ವಿನಂತಿ: ಕೊಯಮತ್ತೂರು–ಪೊಳ್ಳಾಚಿ ರಸ್ತೆಯಲ್ಲಿ ಕಿಣತ್ತುಕಡವಿನ ಹತ್ತಿರ ಐವತ್ತು ದಾಟಿದ ಗಂಡಸೊಬ್ಬರು ಮಣ್ಣಿನಲ್ಲಿ ಬೋರಲು ಬಿದ್ದಿರುವುದು ಕಂಡರೆ ಗಾಬರಿಯಾಗಬೇಡಿ, 108ಕ್ಕೆ ಫೋನ್ ಮಾಡಬೇಡಿ. ಮೆಲ್ಲಗೆ ಹಾರ್ನ್ ಹೊಡೆದು, ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದಾರೆಂದು ಕನ್ನಡದಲ್ಲೇ ಹೇಳಿ. ಅದು ಅವರಿಗೆ ಅರ್ಥವಾಗುತ್ತದೆ.