ಡ್ರೋನ್ ರಾಯರ ಕಡತ

ಡ್ರೋನ್ ರಾಯರ ಡ್ರೋನಿನ ತೂಕ 249 ಗ್ರಾಂ. ತಮ್ಮ ಸಕ್ಕರೆ ಕಾಯಿಲೆಯ ಅಂಕಿ ಎಷ್ಟೆಂದು ಕೇಳಿದರೆ "ಹತೋಟಿಯಲ್ಲಿದೆ ಬಿಡಿ" ಎಂದು ತೇಲಿಸುವ ಈ ಮನುಷ್ಯ ಡ್ರೋನಿನ ತೂಕವನ್ನು ಮಾತ್ರ ಯಾರೂ ಕೇಳದಿದ್ದರೂ ಹೇಳುತ್ತಾರೆ. ಕಾರಣ ಉಂಟು. 250 ಗ್ರಾಮಿನೊಳಗಿನ ಡ್ರೋನಿಗೆ ನಮ್ಮ 2021ರ ಡ್ರೋನ್ ನಿಯಮಗಳು 'ನ್ಯಾನೊ' ಎಂದು ಹೆಸರಿಟ್ಟು, ಹಾರಿಸುವವರಿಗೆ ಪೈಲಟ್ ಲೈಸೆನ್ಸ್ ಬೇಡವೆಂದಿವೆ. ಚೀನಾದ ಡಿಜೆಐ ಕಂಪನಿ ತನ್ನ 'ಮಿನಿ' ಡ್ರೋನುಗಳನ್ನು ಒಂದು ಗ್ರಾಂ ಕಮ್ಮಿ ಮಾಡಿ ತಯಾರಿಸಿದ್ದೇ ಇಂಥ ಗೆರೆಗಳನ್ನು ನೋಡಿಕೊಂಡು. ಆ ಒಂದು ಗ್ರಾಂ ಉಳಿಸಿದವರು ತಾವೇ ಎಂಬ ಧಾಟಿಯಲ್ಲಿ ರಾಯರು ಮಾತಾಡುತ್ತಾರೆ.

ಇವರು ನಿಮಗೂ ಗೊತ್ತಿರುವವರೇ. ಲೋಕೋಪಯೋಗಿ ಇಲಾಖೆಯಲ್ಲೋ ಖಜಾನೆಯಲ್ಲೋ ಮೂವತ್ತು ಚಿಲ್ಲರೆ ವರ್ಷ ಕಡತ ನೋಡಿ, ಹಾರ-ಶಾಲು ಹಾಕಿಸಿಕೊಂಡು ಮನೆಗೆ ಬಂದವರು. ಬೆಂಗಳೂರಾದರೆ ಜಯನಗರ, ಮೈಸೂರಾದರೆ ಕುವೆಂಪುನಗರ. ಮಗ ಅಮೆರಿಕದಲ್ಲಿ. 2021ರಲ್ಲಿ ಊರಿಗೆ ಬಂದಾಗ "ಅಪ್ಪಾ, ಹೊತ್ತು ಹೋಗತ್ತೆ, ಹಾರಿಸ್ತಾ ಇರಿ" ಎಂದು ಡ್ರೋನು ಕೊಟ್ಟು ಹೋದ. ಆಗಲೇ ತಂದದ್ದು ಒಳ್ಳೆಯದಾಯಿತು. 2022ರ ಫೆಬ್ರವರಿಯಲ್ಲಿ ಸರ್ಕಾರ ವಿದೇಶಿ ಡ್ರೋನುಗಳ ಆಮದನ್ನೇ ನಿಷೇಧಿಸಿತು.

ಅಪ್ಪ ಹಾರಿಸುತ್ತಾರೆ ಎಂದು ಮಗ ನಂಬಿದ್ದ. ಅಪ್ಪ ಮೊದಲು ಮಾಡಿದ ಕೆಲಸವೆಂದರೆ ಒಂದು ಕಡತ ತೆರೆದದ್ದು. ಬಾಕ್ಸ್ ಫೈಲು, ಹಸಿರು ಟ್ಯಾಗು, ಬಲತುದಿಯಲ್ಲಿ ಕೆಂಪಿಂಕಿನ ಪುಟಸಂಖ್ಯೆ, ಎಡಕ್ಕೆ ಟಿಪ್ಪಣಿ ಹಾಳೆ. 'ವಿಷಯ: ಡ್ರೋನ್ ಹಾರಾಟದ ಬಗ್ಗೆ. ಉಲ್ಲೇಖ: ಮಗನ ಮೌಖಿಕ ಸೂಚನೆ.' ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನೋಡಿದ್ದು ಅದೇ ಮೊದಲು ಎಂದು ಅವರ ಹೆಂಡತಿ ಅಕ್ಕಪಕ್ಕದವರಲ್ಲಿ ಹೇಳಿಕೊಂಡರು.

ಬೆಂಗಳೂರಿನ ಆಕಾಶ ಆ ಕಡತದಲ್ಲಿ ಬೇಗ ಮುಗಿಯಿತು. ವಿಮಾನ ನಿಲ್ದಾಣದ ಸುತ್ತಿನ, ಅನುಮತಿ ಬೇಕಾದ ಹಳದಿ ವಲಯವನ್ನು ಹೊಸ ನಿಯಮ 45 ಕಿಲೋಮೀಟರಿನಿಂದ 12ಕ್ಕೆ ಇಳಿಸಿದ್ದೇನೋ ನಿಜ. ಆದರೆ ಎಚ್‌ಎಎಲ್, ಯಲಹಂಕ, ಜಕ್ಕೂರು ಎಂದು ಮೂರು ಕಡೆ ಕೈವಾರವಿಟ್ಟು ವೃತ್ತ ಎಳೆದ ಮೇಲೆ ರಾಯರಿಗೆ ಉತ್ಸಾಹ ಉಳಿಯಲಿಲ್ಲ. ಹಂಪಿಯಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು. 'ಸದ್ಯಕ್ಕೆ ಕೈಬಿಡಬಹುದು' ಎಂದು ತಾವೇ ಷರಾ ಬರೆದು, ತಾವೇ ಅನುಮೋದಿಸಿ, ಪರದೇಶಗಳತ್ತ ತಿರುಗಿದರು.

ಕಡತಕ್ಕೆ ಜೀವ ಬಂದದ್ದು ಇಲ್ಲಿ.

ಮೊರಾಕೊ ಮತ್ತು ಈಜಿಪ್ಟಿಗೆ ಕೆಂಪು ಶಾಯಿ. ಮೊರಾಕೊದಲ್ಲಿ ಡ್ರೋನು ಕಂಡರೆ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಈಜಿಪ್ಟಿನಲ್ಲಿ ಅದನ್ನು ಇಟ್ಟುಕೊಳ್ಳುವುದಕ್ಕೂ ರಕ್ಷಣಾ ಸಚಿವಾಲಯದ ಒಪ್ಪಿಗೆ ಬೇಕು. ಪಿರಮಿಡ್ಡು ನೋಡಬೇಕೆಂಬ ಹೆಂಡತಿಯ ಹತ್ತು ವರ್ಷದ ಆಸೆ ಹಾಗೆ ಬಿತ್ತು. "ಡ್ರೋನು ಮನೇಲಿಟ್ಟು ಹೋಗೋಣ ರೀ" ಎಂದು ಆಕೆ ಹೇಳಿದ್ದು ಟಿಪ್ಪಣಿ ಹಾಳೆಯಲ್ಲಿ ದಾಖಲಾಗಿಲ್ಲ.

ಥಾಯ್ಲೆಂಡಿನ ಮೇಲೆ ಮಾತ್ರ ರಾಯರಿಗೆ ಪ್ರೀತಿಯೇ ಹುಟ್ಟಿತು. ಅಲ್ಲಿ ಒಂದು ಡ್ರೋನಿಗೆ ಎರಡು ಇಲಾಖೆ! ರೇಡಿಯೊ ತರಂಗ ಹೊರಡಿಸುತ್ತದೆಂದು ದೂರಸಂಪರ್ಕ ಆಯೋಗದಲ್ಲಿ ಒಂದು ನೋಂದಣಿ, ಕ್ಯಾಮೆರಾ ಇದೆಯೆಂದು ನಾಗರಿಕ ವಿಮಾನಯಾನದವರಲ್ಲಿ ಇನ್ನೊಂದು. ಜೊತೆಗೆ ಹತ್ತು ಲಕ್ಷ ಬಾತ್ ಮೊತ್ತದ ವಿಮೆ. "ಆಡಳಿತ ಅಂದ್ರೆ ಇದು" ಎಂದು ರಾಯರು ತೊಡೆ ತಟ್ಟಿದರು. ನಮೂನೆಗಳನ್ನು ಭರ್ತಿ ಮಾಡಲು ಕೂತಿದ್ದಾಗಲೇ, 2025ರ ಜುಲೈನಲ್ಲಿ, ಕಾಂಬೋಡಿಯಾದ ಗಡಿಯಲ್ಲಿ ಗುಂಡು ಹಾರಿತು. ತಿಂಗಳ ಕೊನೆಗೆ ಥಾಯ್ಲೆಂಡ್ ದೇಶದುದ್ದಕ್ಕೂ ಡ್ರೋನು ಹಾರಾಟ ನಿಲ್ಲಿಸಿತು.

ಜಪಾನಿನ ಪುಟಗಳನ್ನು ಅವರು ಬಂದವರಿಗೆಲ್ಲ ತೋರಿಸುತ್ತಾರೆ. 2015ರ ಏಪ್ರಿಲ್‌ನಲ್ಲಿ ಟೋಕಿಯೊದ ಪ್ರಧಾನಿ ಕಚೇರಿಯ ತಾರಸಿಯ ಮೇಲೆ ಒಂದು ಡ್ರೋನು ಸಿಕ್ಕಿತು. ಅದರ ಜೊತೆ ತುಸು ವಿಕಿರಣವಿದ್ದ ಮರಳು. ಯಾರೋ ಅದನ್ನು ಇಳಿಸಿ ಹೆಚ್ಚುಕಮ್ಮಿ ಎರಡು ವಾರವಾಗಿತ್ತು, ಯಾರೂ ನೋಡಿರಲಿಲ್ಲ. ಅಲ್ಲಿ ಡ್ರೋನಿಗೆ ಕಾನೂನು ಬಂದದ್ದು ಆ ವರ್ಷವೇ. ರಾಯರಿಗೆ ಭಯೋತ್ಪಾದನೆ, ವಿಕಿರಣ ಯಾವುದೂ ಮುಖ್ಯವಲ್ಲ. "ಎರಡು ವಾರ ತಾರಸಿ ಇನ್‌ಸ್ಪೆಕ್ಷನ್ನೇ ಆಗಿಲ್ಲ ನೋಡಿ! ಅಲ್ಲಿನ ಪಿಡಬ್ಲ್ಯುಡಿಯವರು ಏನು ಮಾಡ್ತಿದ್ರು?" ಇದು ಅವರ ಪ್ರಶ್ನೆ. ಮುಂದೆ ಅಲ್ಲಿ 200 ಗ್ರಾಮಿನ ಗೆರೆ ಇದೆಯೆಂದು ಡಿಜೆಐ ಕಂಪನಿ ಚಿಕ್ಕ ಬ್ಯಾಟರಿ ಹಾಕಿ, ಜಪಾನಿಗೆಂದೇ 199 ಗ್ರಾಮಿನ ಮಿನಿ ಮಾಡಿತು. 2022ರ ಜೂನ್‌ನಲ್ಲಿ ಜಪಾನ್ ಆ ಗೆರೆಯನ್ನು 100 ಗ್ರಾಮಿಗೆ ತಂದಿಟ್ಟಿತು. ಈ ಭಾಗಕ್ಕೆ ಬಂದಾಗ ರಾಯರ ದನಿ ಸ್ವಲ್ಪ ಇಳಿಯುತ್ತದೆ. 249ಕ್ಕೆ ಅಲ್ಲಿ ಕಿಮ್ಮತ್ತಿಲ್ಲ.

ಕೊನೆಗೆ ಹೆಂಡತಿಯೇ ಒಂದು ಟ್ರಾವೆಲ್ಸಿಗೆ ಫೋನು ಮಾಡಿ, ಅಡುಗೆಯವರನ್ನು ಜೊತೆಗೇ ಕರೆದೊಯ್ಯುವ ಯುರೋಪ್ ಪ್ಯಾಕೇಜಿಗೆ ಮುಂಗಡ ಕಟ್ಟಿದರು. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ. ಮೂರು ಹೊತ್ತೂ ನಮ್ಮ ಊಟ.

ಯುರೋಪಿನ ನಿಯಮ 2020ರ ಕೊನೆಯ ದಿನದಿಂದ ಜಾರಿಯಲ್ಲಿದೆ. ಅದನ್ನು ಓದಿದಾಗ ರಾಯರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. 250 ಗ್ರಾಮಿನೊಳಗಿದ್ದರೆ ಪರೀಕ್ಷೆ ಬೇಡ, ಸರಿ. ಆದರೆ ಕ್ಯಾಮೆರಾ ಇದ್ದರೆ, ಆಟಿಕೆಯಲ್ಲದಿದ್ದರೆ, ತೂಕ ಎಷ್ಟೇ ಇರಲಿ, ಹಾರಿಸುವವರು ನೋಂದಾಯಿಸಿಕೊಳ್ಳಲೇಬೇಕು. ಕ್ಯಾಮೆರಾ ಇಲ್ಲದ ಡ್ರೋನು ಯಾರಿಗೆ ಬೇಕು? ಜಗತ್ತಿನಾದ್ಯಂತ 249ರ ಪೆಟ್ಟಿಗೆ ಕೈಯಲ್ಲಿ ಹಿಡಿದು "ನಮಗೆ ಯಾವ ರೂಲ್ಸೂ ಇಲ್ಲ" ಎಂದು ವಿಮಾನ ಹತ್ತುವವರು ಎಡವುವುದು ಹೆಚ್ಚಾಗಿ ಇಲ್ಲೇ. ರಾಯರು ಎಡವುವ ಜಾತಿಯಲ್ಲ. ಹೊರಗಿನ ದೇಶದವರು 'ಹಾರಿಸುವ ಉದ್ದೇಶವಿರುವ ಮೊದಲ ದೇಶದಲ್ಲಿ' ನೋಂದಣಿ ಮಾಡಿಸಬೇಕು ಎಂಬ ವಾಕ್ಯ ಸಿಕ್ಕಿದ್ದೇ ಅವರಿಗೆ ಒಂದು ವಾರಕ್ಕಾಯಿತು. ಇಳಿಯುವುದು ಪ್ಯಾರಿಸ್ಸಿನಲ್ಲಿ. ಆದರೆ ಪ್ಯಾರಿಸ್ ಊರಿಗೆ ಊರೇ ಡ್ರೋನಿಗೆ ನಿಷಿದ್ಧ. ಇಳಿಯುವ ದೇಶ ಮೊದಲನೆಯದೋ, ಹಾರಿಸುವ ದೇಶ ಮೊದಲನೆಯದೋ? ಎರಡೂ ಪಕ್ಷವನ್ನು ಟಿಪ್ಪಣಿ ಹಾಳೆಯಲ್ಲಿ ಚರ್ಚಿಸಿ, 2023ರಿಂದ ಇದೇ ನಿಯಮಕ್ಕೆ ಸೇರಿಕೊಂಡಿರುವ ಸ್ವಿಟ್ಜರ್ಲೆಂಡಿನ ಪರವಾಗಿ ತೀರ್ಪು ಕೊಟ್ಟರು. ಇಟಲಿಯಲ್ಲಿ ಎಷ್ಟು ಹಗುರದ ಡ್ರೋನಿಗೂ ವಿಮೆ ಕಡ್ಡಾಯವೆಂದು ಅದನ್ನೂ ಮಾಡಿಸಿದರು.

ಬಂದ ನೋಂದಣಿ ಸಂಖ್ಯೆಯನ್ನು ಡ್ರೋನಿನ ಮೈಮೇಲೆ ಅಂಟಿಸಬೇಕು. ಆಗ ಎದ್ದಿತು ಹೊಸ ಆತಂಕ: ಚೀಟಿಗೂ ತೂಕ ಇದೆಯಲ್ಲ! ರಾಯರು ಡ್ರೋನನ್ನು ಟವಲಿನಲ್ಲಿ ಸುತ್ತಿಕೊಂಡು ಪರಿಚಯದ ಚಿನ್ನದಂಗಡಿಗೆ ಹೋದರು. ಚೀಟಿ, ಮೆಮೊರಿ ಕಾರ್ಡು ಎಲ್ಲ ಸೇರಿಸಿ ತಕ್ಕಡಿಯಲ್ಲಿಟ್ಟರೂ 250 ದಾಟಲಿಲ್ಲ. ಆದರೂ ಆಯುಧಪೂಜೆಯಲ್ಲಿ ಹೆಂಡತಿ ನಾಲ್ಕು ರೆಕ್ಕೆಗೂ ಹಚ್ಚಿದ್ದ ಗಂಧ-ಕುಂಕುಮವನ್ನು ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರು.

ಹೊರಡುವ ದಿನ ವಿಮಾನಕ್ಕೆ ಐದು ಗಂಟೆ ಮೊದಲೇ ದೇವನಹಳ್ಳಿ. ಕಸ್ಟಮ್ಸಿನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಬೇಕು. ಈ ಡ್ರೋನು ಇಲ್ಲಿಂದಲೇ ಹೋದದ್ದು, ಅಲ್ಲಿ ಕೊಂಡು ತಂದದ್ದಲ್ಲ ಎಂಬುದಕ್ಕೆ ಅದು ಸಾಕ್ಷಿ. ತಿಳಿದವರು ಕಮ್ಮಿ, ಮಾಡಿಸುವವರು ಇನ್ನೂ ಕಮ್ಮಿ. ವಾಪಸು ಬಂದಾಗ ಒದ್ದಾಡುವವರೇ ಜಾಸ್ತಿ. ಅಧಿಕಾರಿ ಖರೀದಿ ರಸೀದಿ ಕೇಳಿದರು. ರಾಯರು ಕೊಟ್ಟರು. ಸೀರಿಯಲ್ ನಂಬರು ತೋರಿಸಿ ಎಂದರು. ರಾಯರು ಭೂತಗನ್ನಡಿಯನ್ನೂ ಮುಂದಿಟ್ಟರು. ರಸೀದಿಯ ಹಿಂದೆ ಮೊಹರು ಹಾಕಲು ನೋಡಿದರೆ ಅದು ಲ್ಯಾಮಿನೇಟ್ ಆಗಿತ್ತು. "ಯಾಕ್ ಸಾರ್ ಲ್ಯಾಮಿನೇಟ್ ಮಾಡಿಸಿದ್ರಿ?" "ಹಾಳಾಗಬಾರದಲ್ಲ!" ಎನ್ನುತ್ತ ರಾಯರು ಸ್ವಯಂದೃಢೀಕರಿಸಿದ ಮೂರು ಜೆರಾಕ್ಸ್ ತೆಗೆದರು. ಇಬ್ಬರೂ ಪರಸ್ಪರ ಗೌರವದಿಂದ ಬೀಳ್ಕೊಂಡರು.

ಚೆಕ್-ಇನ್ ಕೌಂಟರಿನಲ್ಲಿ "ಪವರ್ ಬ್ಯಾಂಕ್ ಇದೆಯಾ?" ಎಂದು ಕೇಳಿದ ಹುಡುಗಿಗೆ ಲಿಥಿಯಂ ಬ್ಯಾಟರಿಗಳ ಪಾಠವಾಯಿತು. ಬಿಡಿ ಬ್ಯಾಟರಿ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿದ್ದರೆ ವಿಮಾನ ಕಂಪನಿಯನ್ನು ಕೇಳಬೇಕಿಲ್ಲ, ತಮ್ಮದು 17.32. ಒಂದೊಂದರ ತುದಿಗೂ ಟೇಪು ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿಟ್ಟಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. ಕೈಚೀಲದಲ್ಲಿ ಬ್ಯಾಟರಿಗೆ ಜಾಗ ಬೇಕೆಂದು ಹೆಂಡತಿಯ ಚಕ್ಕುಲಿ ಡಬ್ಬಿ ಲಗೇಜಿಗೆ ಹೋಗಿ, ಪ್ಯಾರಿಸ್ಸಿನಲ್ಲಿ ಪುಡಿಯಾಗಿ ಇಳಿಯಿತು.

ಪ್ರವಾಸದ ಬಸ್ಸಿನಲ್ಲಿ ಡ್ರೋನು ತಂದವರು ಇನ್ನೊಬ್ಬರಿದ್ದರು. ಸಾಫ್ಟ್‌ವೇರಿನ ಹುಡುಗ, ರಾಯರದಕ್ಕಿಂತ ಎರಡರಷ್ಟು ದೊಡ್ಡ ಡ್ರೋನು, ನೋಂದಣಿ ಸೊನ್ನೆ. "ಏನೂ ಆಗಲ್ಲ ಬಿಡಿ ಅಂಕಲ್, ಎರಡು ನಿಮಿಷ ಮೇಲೆ, ಒಂದು ರೀಲ್ಸ್, ಕೆಳಗೆ." ಐಫೆಲ್ ಗೋಪುರದ ಎದುರಿನ ಹುಲ್ಲಿನ ಮೇಲೆ ಅವನು ಚೀಲದ ಜಿಪ್ಪಿಗೆ ಕೈ ಹಾಕಿದ್ದೇ ತಡ, ರಾಯರು ಅವನ ಪಕ್ಕದಲ್ಲಿ ಕೂತು ಶುರು ಮಾಡಿದರು. 2014ರಲ್ಲಿ ಇದೇ ಊರಿನಲ್ಲಿ ನೋತ್ರ್ ದಾಮ್ ಬಳಿ ಡ್ರೋನು ಹಾರಿಸಿದ ಇಸ್ರೇಲಿನ ಪ್ರವಾಸಿಯೊಬ್ಬ ಒಂದು ರಾತ್ರಿ ಲಾಕಪ್ಪಿನಲ್ಲಿದ್ದು 400 ಯೂರೊ ದಂಡ ತೆತ್ತ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನು ನಿಷೇಧವಾಯಿತು. ಆಗಸ್ಟ್‌ನಲ್ಲಿ ಡಚ್ ಪ್ರವಾಸಿಯೊಬ್ಬ ಯೆಲ್ಲೊಸ್ಟೋನಿನ ಬಣ್ಣಬಣ್ಣದ ಬಿಸಿನೀರಿನ ಬುಗ್ಗೆಗೇ ತನ್ನದನ್ನು ಕೆಡವಿ 3,000 ಡಾಲರಿಗೂ ಮೇಲೆ ಕಳಕೊಂಡ. ಹುಡುಗ ಜಿಪ್ಪು ಹಾಕಿದ. ಕಾನೂನಿಗೆ ಹೆದರಿಯೋ, ರಾಯರ ಪಾಠ ಈಜಿಪ್ಟಿಗೆ ಬಂದುಬಿಟ್ಟಿತೆಂದೋ ಹೇಳಲಾಗದು.

ಇಂಟರ್‌ಲಾಕೆನ್ನಿನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯ ಪಕ್ಕ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ರಾಯರು ಊರ ನಡುವಿನ ಹೋಹೆಮಾಟ್ಟೆ ಮೈದಾನವನ್ನು ಪರಿಶೀಲಿಸಿದರು. ವಿಶಾಲ ಹುಲ್ಲು, ಎದುರಿಗೆ ಯುಂಗ್‌ಫ್ರೌ ಶಿಖರ. ಆದರೆ ಪ್ಯಾರಾಗ್ಲೈಡರುಗಳು ಬಂದಿಳಿಯುವುದೂ ಅಲ್ಲೇ. ತಲೆಯ ಮೇಲೆ ಒಬ್ಬರಲ್ಲ ಒಬ್ಬರು ತೇಲುತ್ತಿದ್ದರು. 'ಸ್ಥಳ ಯೋಗ್ಯವಲ್ಲ.' ಮಧ್ಯಾಹ್ನ ಪುಳಿಯೋಗರೆಗೆ ಸಾಲು ನಿಂತಾಗ ಮತ್ತೊಂದು ಕಾನೂನು ಪ್ರಶ್ನೆ ಬಂತು. ಜನಜಂಗುಳಿಯ ಮೇಲೆ ಹಾರಿಸಬಾರದು. ಜನಜಂಗುಳಿ ಎಂದರೆ, ಒತ್ತೊತ್ತಾಗಿ ನಿಂತು, ಬೇಕೆಂದಾಗ ಪಕ್ಕಕ್ಕೆ ಸರಿಯಲಾಗದ ಗುಂಪು. ಪುಳಿಯೋಗರೆಯ ಸಾಲಿನಲ್ಲಿ ಸರಿಯಲು ಜಾಗ ಬೇಕಾದಷ್ಟಿತ್ತು. ಸರಿಯುವವರು ಯಾರೂ ಇರಲಿಲ್ಲ. ಇದು ಜಂಗುಳಿಯೋ ಅಲ್ಲವೋ ಎಂಬುದನ್ನು ರಾಯರು ತಟ್ಟೆ ಹಿಡಿದುಕೊಂಡು ಯೋಚಿಸುತ್ತಿರುವಾಗ ಹಪ್ಪಳ ಮುಗಿಯಿತು.

ಹಾರಾಟ ಆದದ್ದು ಬ್ರಿಯೆಂಜ್ ಸರೋವರದ ಹತ್ತಿರ, ಹೋಟೆಲಿನ ಹಿಂದಿನ ಹುಲ್ಲುಗಾವಲಿನಲ್ಲಿ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಅಲ್ಲಿ ಯಾವ ಬಣ್ಣವೂ ಇರಲಿಲ್ಲ. ಹುಲ್ಲುಗಾವಲಿನ ರೈತ ಕೇಳಿದ ಕೂಡಲೇ ಕೈ ಬೀಸಿ ಒಪ್ಪಿದ. ರಾಯರಿಗೆ ಅಷ್ಟು ಸಾಲದು. ಮೊಬೈಲಿನ ಸಹಾಯದಿಂದ ಜರ್ಮನ್ ಭಾಷೆಯಲ್ಲಿ ಸಿದ್ಧಪಡಿಸಿ ತಂದಿದ್ದ ನಿರಾಕ್ಷೇಪಣಾ ಪತ್ರ ಮುಂದಿಟ್ಟರು. ಆತ ಅದನ್ನು ಎರಡು ಸಲ ಓದಿ, ಹೆಂಡತಿಯನ್ನು ಕರೆದು ತೋರಿಸಿ, ನಗುತ್ತ ಸಹಿ ಹಾಕಿದ. ರಾಯರು ಸಾಕ್ಷಿಯ ಸಹಿಯನ್ನೂ ಕೇಳಿದರು. ರೈತನ ಹೆಂಡತಿ ಹಾಕಿದಳು.

ಬೆಳಗಿನ ಆರೂವರೆ. ಬಸ್ಸು ಹೊರಡುವುದು ಎಂಟಕ್ಕೆ. ಡ್ರೋನು ಚಾಲೂ ಮಾಡಿದರೆ, ಸಾಫ್ಟ್‌ವೇರ್ ಅಪ್‌ಡೇಟ್ ಬೇಕೆಂದಿತು. ಹೋಟೆಲಿನ ವೈಫೈ ಹಿಡಿಯಲು ಅಡುಗೆಮನೆಯ ಕಿಟಕಿಯ ಕೆಳಗೆ ಮುಕ್ಕಾಲು ಗಂಟೆ. ಆಮೇಲೆ ದಿಕ್ಸೂಚಿ ಸರಿಪಡಿಸು ಎಂದಿತು. ರಾಯರು ಡ್ರೋನನ್ನು ಎರಡೂ ಕೈಯಲ್ಲಿ ಹಿಡಿದು ಮಂಗಳಾರತಿ ಎತ್ತುವವರ ಹಾಗೆ ಒಂದು ಸುತ್ತು ಅಡ್ಡಡ್ಡ, ಒಂದು ಸುತ್ತು ಉದ್ದುದ್ದ ತಿರುಗಿದರು. ದೂರದಲ್ಲಿ ನಿಂತಿದ್ದ ರೈತ ದಂಪತಿ, ಇದು ಪ್ರಾರ್ಥನೆಯೆಂದೇ ತಿಳಿದಿರಬೇಕು, ಟೋಪಿ ತೆಗೆದರು.

ಡ್ರೋನು ಸದಾ ಬರಿಗಣ್ಣಿಗೆ ಕಾಣುತ್ತಿರಬೇಕು. ಕನ್ನಡಕ ಆಗುತ್ತದೆ, ದುರ್ಬೀನು ಆಗದು. ಪೊರೆಯ ಆಪರೇಷನ್ ಮಾಡಿಸಿಕೊಂಡ ಕಣ್ಣಿಗೆ ಬೂದುಬಣ್ಣದ ಬೆಟ್ಟದ ಎದುರು ಬೂದುಬಣ್ಣದ ಡ್ರೋನು ಹೇಗೆ ಕಂಡೀತು? ಹಾಗಾಗಿ ಹೆಂಡತಿಯನ್ನು ವೀಕ್ಷಕಿಯಾಗಿ ನೇಮಿಸಿದ್ದರು. ನೆಲದಿಂದ 120 ಮೀಟರಿನವರೆಗೆ ಹೋಗಬಹುದಿತ್ತು. ಇಪ್ಪತ್ತು ದಾಟುತ್ತಿದ್ದಂತೆ ವೀಕ್ಷಕಿ "ರೀ, ಹದ್ದು!" ಎಂದು ಕೂಗಿದರು. ಹದ್ದು ನಿಜವಾಗಿಯೂ ಇತ್ತು. ರಾಯರು ತಕ್ಷಣ ಇಳಿಸಿದರು. ಹಕ್ಕಿ ಹೋದ ಮೇಲೆ ಮತ್ತೆ ಏರಿಸುವಷ್ಟರಲ್ಲಿ ಬಸ್ಸಿನ ಹಾರ್ನು.

ಸಿಕ್ಕಿದ ಚಿತ್ರದಲ್ಲಿ ಸರೋವರ ಒಂದು ಮೂಲೆಯಲ್ಲಿದೆ. ನಡುವೆ ಬಸ್ಸಿನ ತಾರಸಿ, ಹೋಟೆಲಿನ ಹಿತ್ತಲಲ್ಲಿ ಅನ್ನ ಬಸಿಯುತ್ತಿರುವ ಅಡುಗೆ ಭಟ್ಟರು, ಆಕಾಶಕ್ಕೆ ಬೆರಳು ತೋರಿಸಿ ಬಾಯಿ ತೆರೆದ ಹೆಂಡತಿ. ಇಟಲಿಯಲ್ಲಿ ಚೀಲ ಬಿಚ್ಚಲಿಲ್ಲ. ರೋಮಿನ ನಡುಭಾಗದಲ್ಲೂ ವ್ಯಾಟಿಕನ್ನಿನಲ್ಲೂ ಕೇಳುವುದೇ ಬೇಡ. ರಾಯರಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಕಡತಕ್ಕೆ ನಿರಾಕ್ಷೇಪಣಾ ಪತ್ರ ಸೇರಿತ್ತು, ವಿದೇಶಿ ಸಾಕ್ಷಿಯ ಸಹಿ ಸಮೇತ.

ಬೆಂಗಳೂರಿಗೆ ಇಳಿದಾಗ ಬೆಳಗಿನ ಜಾವ. ಇಡೀ ಗುಂಪು ಹಸಿರು ಚಾನೆಲ್ಲಿನಲ್ಲಿ ಟ್ರಾಲಿ ನೂಕಿಕೊಂಡು ಹೊರಟರೆ, ರಾಯರೊಬ್ಬರೇ ಕೆಂಪು ಚಾನೆಲ್ಲಿಗೆ ತಿರುಗಿದರು. ಡ್ರೋನು ಘೋಷಿಸಲೇಬೇಕಾದ ವಸ್ತು. ಆಕಳಿಸುತ್ತಿದ್ದ ಅಧಿಕಾರಿ ರಫ್ತು ಪ್ರಮಾಣಪತ್ರ ನೋಡಿ, "ಎಲ್ಲಾ ಸರಿ ಇದೆ, ಹೋಗಿ ಸಾರ್" ಎಂದರು. ರಾಯರು ಕದಲಲಿಲ್ಲ. "ವಾಪಸು ಬಂದಿದೆ ಅಂತ ಒಂದು ಎಂಡಾರ್ಸ್‌ಮೆಂಟ್ ಹಾಕಿಕೊಡಿ. ದಿನಾಂಕ, ವೇಳೆ ಸಮೇತ." ಅಧಿಕಾರಿ ಮೊಹರು ಹುಡುಕುತ್ತಿದ್ದಾಗ ರಾಯರ ಫೋನು ಹೊಡೆದುಕೊಂಡಿತು. ಹೆಂಡತಿ ವಾಯು ವಜ್ರ ಬಸ್ಸಿನಲ್ಲಿ ಕೂತಾಗಿತ್ತು. "ಕಂಡಕ್ಟರ್ ರೈಟ್ ಅಂದ್ರು, ನಾನು ಹೊರಟೆ. ಮನೆ ಬೀಗದ ಕೈ ನನ್ನ ಹತ್ರಾನೇ ಇದೆ, ನೀವು ನಿಧಾನವಾಗಿ ಸೀಲ್ ಹಾಕಿಸಿಕೊಂಡು ಬನ್ನಿ."