ಫಲಕೋಚ್ಚಾರ ಮೀಮಾಂಸೆ

ಪಾಣಿನೀಯ ಶಿಕ್ಷೆಯು ಪಾಠಕರಲ್ಲಿ ಅಧಮರಾದವರನ್ನು ಆರು ಬಗೆಯಾಗಿ ವಿಂಗಡಿಸುತ್ತದೆ: ರಾಗ ಎಳೆದು ಓದುವವನು, ಅವಸರದಲ್ಲಿ ಓದುವವನು, ತಲೆ ಆಡಿಸುತ್ತ ಓದುವವನು, ಬರೆದದ್ದನ್ನು ನೋಡಿಕೊಂಡು ಓದುವವನು, ಅರ್ಥ ತಿಳಿಯದೆ ಓದುವವನು ಮತ್ತು ಗಂಟಲು ಏಳದವನು. ಇವರು ಆರು ಬೇರೆ ಬೇರೆ ಮನುಷ್ಯರೆಂದು ತಿಳಿಯುವುದು ವಾಡಿಕೆ. ಕರ್ಜತ್‌ನಿಂದ ಮುಂಬಯಿಗೆ ಹೋಗುವ ಬೆಳಗಿನ ಲೋಕಲ್ ಹತ್ತಿದವರಿಗೆ ಮಾತ್ರ ಇದು ಒಬ್ಬನೇ ಮನುಷ್ಯನ ವರ್ಣನೆಯೆಂದು ಹೊಳೆಯುತ್ತದೆ. ಊರಿನಿಂದ ಹೊಸದಾಗಿ ಬಂದ ಕನ್ನಡಿಗನೊಬ್ಬ ಬಾಗಿಲ ಬಳಿ ಸಿಕ್ಕಿಕೊಂಡು ನಿಲ್ದಾಣದ ಫಲಕ ಓದಲು ನೋಡುತ್ತಿದ್ದಾನೆ. ಡಬ್ಬಿಯಲ್ಲಿ ಭಜನಾ ಮಂಡಳಿಯ ತಾಳ ಕುಟ್ಟುತ್ತಿರುವುದರಿಂದ ಅವನ ಓದಿಗೆ ರಾಗ ತಾನಾಗಿ ಬರುತ್ತದೆ. ಗಾಡಿ ನಿಲ್ಲುವುದು ಉಸಿರು ಬಿಡುವಷ್ಟು ಹೊತ್ತು, ಹಾಗಾಗಿ ಅವಸರ. ಮುಂದಿನವರ ಭುಜಗಳ ಸಂದಿಯಲ್ಲಿ ಫಲಕ ಕಾಣಬೇಕಾದರೆ ತಲೆ ಆಡಿಸಲೇಬೇಕು. ಬರೆದದ್ದನ್ನು ಬಿಟ್ಟರೆ ಬೇರೆ ಪ್ರಮಾಣವಿಲ್ಲ, ಅರ್ಥವಂತೂ ಮೊದಲೇ ಇಲ್ಲ. ಎದೆಗೆ ಅಕ್ಕಪಕ್ಕದವರ ಚೀಲಗಳೆಲ್ಲ ಒತ್ತಿರುವಾಗ ಗಂಟಲು ಏಳುವುದೆಂತು?

ಪ್ರಸ್ತುತ ಪ್ರಬಂಧವು ಈ ಷಡ್ಗುಣಸಂಪನ್ನನ ಪರವಾಗಿ ಬರೆದ ವಕಾಲತ್ತು. ನಮ್ಮ ಪ್ರತಿಜ್ಞೆ ಇಷ್ಟೆ: ಹೆಸರು ಕೆಡುವುದು ನಾಲಿಗೆಯಿಂದಲ್ಲ, ಅಕ್ಷರದಿಂದ. ಇದಕ್ಕೆ ದೃಷ್ಟಾಂತ, ಮೀಸೆ ಮೂಡುವ ಮೊದಲೇ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದ ಹಳೆಯ ಕಾಲದ ಮಾಣಿಗಳು. ಅವರು ಠಾಣೆಯನ್ನೂ ತುರ್ಭೆಯನ್ನೂ ಕಿವಿಯಿಂದ ಕಲಿತರು, ಕೇಳಿದ ಹಾಗೇ ಹೇಳಿದರು, ಎಂದೂ ತಪ್ಪಲಿಲ್ಲ. ಅದೇ ಮಾಣಿ ರಾತ್ರಿಶಾಲೆ ಸೇರಿ ನಾಲ್ಕು ಅಕ್ಷರ ಕಲಿತನೋ, ಶುರುವಾಯಿತು. ಎಂ.ಎ. ಮಾಡಿದವರ ಪರಿಸ್ಥಿತಿಯನ್ನು ಇಲ್ಲಿ ವಿವರಿಸುವುದಿಲ್ಲ, ಅವರಲ್ಲಿ ಕೆಲವರು ಈ ಪ್ರಬಂಧದ ಓದುಗರು.

ಸೂತ್ರ 1: ಎಚ್ಚಾತ್ ಸಂಶಯಃ.

ವೃತ್ತಿ: ಇಂಗ್ಲಿಷಿನ ಎಚ್ ಎಂಬ ಅಕ್ಷರದ ದೆಸೆಯಿಂದ ಸಂಶಯ ಹುಟ್ಟುತ್ತದೆ. ದಕ್ಷಿಣದ ನಾವು ತಕಾರಕ್ಕೆ ಟಿ-ಎಚ್ ಬರೆಯುವ ಸಂಪ್ರದಾಯದವರು, ಬರಿಯ ಟಿ ಕಂಡರೆ ನಮಗದು ಟಕಾರ. ಉತ್ತರದವರಿಗೆ ಬರಿಯ ಟಿ ತಕಾರವೂ ಹೌದು, ಟಕಾರವೂ ಹೌದು. ಅದರ ಮಗ್ಗುಲಿಗೆ ಎಚ್ ಬಂದರೆ ಮಾತ್ರ ಮಹಾಪ್ರಾಣ. ಆದ್ದರಿಂದ ಇಂಗ್ಲಿಷ್ ಫಲಕ ನೋಡಿದ ಉಡುಪಿಯವನು ಠಾಣೆಯನ್ನು ‘ತಾನೆ’ ಎನ್ನುತ್ತಾನೆ, ತುರ್ಭೆಯನ್ನು ‘ಟರ್ಬೆ’ ಎನ್ನುತ್ತಾನೆ. ಟಿಟ್ವಾಳಾ ಮಾತ್ರ ಅವನ ಬಾಯಲ್ಲಿ ಮುಕ್ಕಾಲು ಪಾಲು ಸರಿಯಾಗಿ ಬಂದುಬಿಡುತ್ತದೆ. ಹುಳ ಮರ ಕೊರೆಯುವಾಗ ಅಕಸ್ಮಾತ್ ಅಕ್ಷರ ಮೂಡುವುದಕ್ಕೆ ಶಾಸ್ತ್ರದಲ್ಲಿ ಘುಣಾಕ್ಷರ ನ್ಯಾಯವೆಂದು ಹೆಸರು.

ಆದರೆ ‘ತಾನೆ’ ಎಂದವನನ್ನು ನೋಡಿ ನಗುವವರು ಇತಿಹಾಸ ತಿಳಿಯದವರು. ಶಿಲಾಹಾರರ ಶಾಸನಗಳಲ್ಲಿ ಆ ಊರು ಸ್ಥಾನಕ. ಇಂಗ್ಲಿಷರ ಬಾಯಲ್ಲಿ ಟನ್ನಾ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಈ ಟನ್ನಾದಲ್ಲೇ. ಎಂದಮೇಲೆ ಭಾರತೀಯ ರೈಲ್ವೆಯ ಮೊಟ್ಟಮೊದಲ ಗಮ್ಯಸ್ಥಾನವೇ ಒಂದು ತಪ್ಪು ಉಚ್ಚಾರಣೆ. ಅಂಬರನಾಥದ ಶಿವಾಲಯವನ್ನು ನೋಡಿ. ಶಕ 982, ಅಂದರೆ 1060ರ ಸುಮಾರಿನದು. ಅದನ್ನು ಮುಗಿಸಿದ ಶಿಲಾಹಾರ ದೊರೆಯನ್ನು ಚರಿತ್ರೆಯ ಪುಸ್ತಕಗಳು ಮುಮ್ಮುಣಿ ಎನ್ನುತ್ತವೆ, ದೇವಾಲಯದ ಶಾಸನ ಮಾಂವಾಣಿ ಎನ್ನುತ್ತದೆ. ಕಲ್ಲಿನಲ್ಲಿ ಕೊರೆಸಿದ ರಾಜನ ಹೆಸರಿಗೇ ಈ ಗತಿ.

ಎಚ್‌ನಿಂದ ನಿಜವಾಗಿ ನಲುಗಿದವಳು ಲತಾ. ಊರಿನ ಶಾಲೆಯ ಮೇಷ್ಟ್ರು ಅವಳ ಹೆಸರಿಗೆ ಟಿ-ಎಚ್ ಹಾಕಿ ಕಳಿಸಿದರು. ಮದುವೆಯಾಗಿ ಡೊಂಬಿವಲಿಗೆ ಬಂದ ಮಾರನೆಯ ದಿನದಿಂದ ಅವಳು ‘ಲಥಾ’. ರೇಷನ್ ಅಂಗಡಿಯವನಿಗೆ ಲಥಾ, ಗ್ಯಾಸಿನವನಿಗೆ ಲಥಾ. ಬೇಸತ್ತು ಎಚ್ ತೆಗೆಸಿದಳೆಂದು ಇಟ್ಟುಕೊಳ್ಳಿ. ರಜೆಗೆ ತವರಿಗೆ ಹೋದಾಗ ಅಲ್ಲಿಯ ಬ್ಯಾಂಕಿನ ಗುಮಾಸ್ತ ಚೀಟಿ ನೋಡಿ ‘ಲಟಾ’ ಎಂದು ಕೂಗುತ್ತಾನೆ. ಕವಿತಾ, ಗೀತಾ, ಸವಿತಾ ಎಲ್ಲರದೂ ಇದೇ ಕಥೆ. ಬಳ್ಳಿಯ ಹೆಸರಿಟ್ಟವರಿಗೆ ಗುಂತಕಲ್ಲಿನ ಈಚೆಗೊಂದು ಆಚೆಗೊಂದು ಕಾಗುಣಿತ ಬೇಕಾದೀತೆಂದು ಗೊತ್ತಿರಲಿಲ್ಲ. ಇದಕ್ಕೆ ಪ್ರತೀಕಾರವೋ ಎಂಬಂತೆ ಉತ್ತರದವರು ‘ಕರ್ನಾಟಕ’ ಎಂದು ದೇವನಾಗರಿಯಲ್ಲಿ ಕಂಡರೆ ಕೊನೆಯ ಅಕಾರ ನುಂಗಿ ಕರ್ನಾಟಕ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಕಂಡರೆ ನುಂಗಿದ್ದನ್ನು ಬಡ್ಡಿ ಸಮೇತ ಹಿಂತಿರುಗಿಸಿ ಕರ್ನಾಟಕಾ ಎನ್ನುತ್ತಾರೆ. ಇವೆರಡರ ನಡುವೆ ಒಂದು ರಾಜ್ಯವಿದೆ.

ಸೂತ್ರ 2: ಹ್ರಸ್ವಾಭಾವೇ ಮಸ್ತಿಷ್ಕಮ್.

ವೃತ್ತಿ: ಹ್ರಸ್ವವಿಲ್ಲದ ಕಡೆ ಮಿದುಳು ಬರುತ್ತದೆ. ಇದು ಉಡುಪಿ ಹೋಟೆಲುಗಳ ತಿಂಡಿಪಟ್ಟಿಗೆ ಸಂಬಂಧಿಸಿದ್ದು, ಈ ಶಾಸ್ತ್ರದ ಅತಿ ರುಚಿಕರ ಭಾಗವೂ ಹೌದು. ನಿತ್ಯಬಳಕೆಯ ದೇವನಾಗರಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ನಮ್ಮ ಮೆದು ವಡೆ, ಹೆಸರೇ ಹೇಳುವಂತೆ ಮೆದುವಾದದ್ದು, ಫಲಕ ಬರೆಯುವ ಪೇಂಟರನ ಕುಂಚಕ್ಕೆ ಸಿಕ್ಕಾಗ ‘ಮೇದು’ ಆಯಿತು. ಮೇದು ಎಂಬುದು ಮರಾಠಿ ಕಣ್ಣಿಗೆ ಏನೂ ಹೇಳದ ಶಬ್ದ. ಅರ್ಥವಿಲ್ಲದ್ದನ್ನು ಅರ್ಥವಿರುವ ಕಡೆಗೆ ಒಂದು ಬಿಂದುವಿನಷ್ಟು ಸರಿಸುವುದು ಮನುಷ್ಯಸ್ವಭಾವ. ಮೇಲೊಂದು ಸೊನ್ನೆ ಬಿತ್ತು, ‘ಮೇಂದೂ ವಡಾ’ ಆಯಿತು. ಮೇಂದೂ ಎಂದರೆ ಮರಾಠಿಯಲ್ಲಿ ಮಿದುಳು. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಹೋಟೆಲಿನಲ್ಲಿ ಬೆಳಗಾದರೆ ಗಿರಾಕಿಗಳು ‘ಅಣ್ಣಾ, ಏಕ ಪ್ಲೇಟ ಮೇಂದೂ ವಡಾ’ ಎನ್ನುತ್ತಾರೆ, ಗಲ್ಲೆಯ ಮೇಲೆ ಕುಳಿತ ಶೆಟ್ಟರು ಅರಿಶಿನ ಕುಂಕುಮದ ದೇವರ ಪಟದ ಕೆಳಗಿನಿಂದಲೇ ಅದನ್ನು ಒಳಗೆ ದಾಟಿಸುತ್ತಾರೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ವಡೆಯ ನಡುವೆ ತೂತಿರುವುದರಿಂದ ಮಿದುಳಿಲ್ಲವೆಂಬುದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧ.

ದೋಸೆಯ ವಿಷಯದಲ್ಲಿ ಹಾನಿ ಇನ್ನೂ ಹಳೆಯದು. ಇಂಗ್ಲಿಷಿನಲ್ಲಿ ಡಿ ಒಂದೇ, ದಕಾರಕ್ಕೂ ಅದೇ, ಡಕಾರಕ್ಕೂ ಅದೇ. ಕಾವಲಿಯ ಮೇಲೆ ದೋಸೆಯಾಗಿದ್ದದ್ದು ತಿಂಡಿಪಟ್ಟಿಗೆ ಏರಿ ಡೋಸಾ ಆಗಿ ಕೆಳಗಿಳಿಯಿತು. ಈಗ ಶೆಟ್ಟರ ಮಕ್ಕಳೇ ಡೋಸಾ ಎನ್ನುತ್ತಾರೆ.

ತ್ವಷ್ಟೃವಿನ ಯಜ್ಞದ ಕಥೆ ವೈಯಾಕರಣರಿಗೆ ಕಂಠಪಾಠ. ‘ಇಂದ್ರಶತ್ರು’ ಎಂಬಲ್ಲಿ ಸ್ವರ ತಪ್ಪಿತು, ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಸತ್ತ. ಆಧುನಿಕ ಕಾಲದಲ್ಲಿ ಅಂಥ ಅನಾಹುತ ಸಾಧ್ಯವಿರುವ ಪದ ಒಂದೇ: ಕೋರಿ ರೊಟ್ಟಿ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಮರಾಠಿಯಲ್ಲಿ ಕೋರಾ, ಕೋರೀ ಎಂದರೆ ಏನೂ ಬೆರೆಸದ್ದು, ಹಾಲಿಲ್ಲದ ಚಹಾ ಕೋರಾ ಚಹಾ. ರೊಟ್ಟಿಯಂತೂ ಫಲಕದಲ್ಲಿ ರೋಟಿಯಾಗಿರುತ್ತದೆ. ಏಕಾದಶಿಯ ಹಿಂದಿನ ದಿನ ಹಗುರವಾಗಿ ಉಣ್ಣಬೇಕೆಂದುಕೊಂಡ ವಾರಕರಿಯೊಬ್ಬರು ‘ಕೋರೀ ರೋಟಿ’ ಎಂದು ಓದಿ ಆರ್ಡರ್ ಕೊಟ್ಟರೆ, ಗಸಿಯ ಬಟ್ಟಲು ಮೇಜಿಗೆ ಬರುವವರೆಗೆ ವ್ಯಾಕರಣ ಅವರನ್ನು ರಕ್ಷಿಸಲಾರದು.

ಇನ್ನು ಉಲ್ಹಾಸನಗರ. ಎರಡನೆಯ ಮಹಾಯುದ್ಧದಲ್ಲಿ ಇದು ಸೇನೆಯ ಬಿಡಾರ, ಹೆಸರು ಕಲ್ಯಾಣ ಕ್ಯಾಂಪ್. ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದಿಳಿದದ್ದು ಈ ಬ್ಯಾರಕ್ಕುಗಳಲ್ಲಿ. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟರು, ಪಕ್ಕದಲ್ಲಿ ಹರಿಯುವ ಉಲ್ಹಾಸ ನದಿಯ ಹೆಸರು ಊರಿಗೆ ಬಂತು. ಜನ ಇಂದಿಗೂ ಒಂದರಿಂದ ಐದರವರೆಗೆ ಕ್ಯಾಂಪಿನ ಅಂಕಿಯಲ್ಲೇ ವಿಳಾಸ ಹೇಳುತ್ತಾರೆ. ಅಂಕಿಯನ್ನು ತಪ್ಪಾಗಿ ಉಚ್ಚರಿಸುವುದು ಕಷ್ಟವೆಂಬುದನ್ನು ಅವರು ಕಂಡುಕೊಂಡಿರಬೇಕು.

ಪೂರ್ವಪಕ್ಷ: ಕನ್ನಡಿಗರು ಇದನ್ನು ‘ಉಲ್ಲಾಸನಗರ’ ಎನ್ನುತ್ತಾರೆ, ಹಕಾರ ನುಂಗುತ್ತಾರೆ, ಆದ್ದರಿಂದ ಅಪರಾಧಿಗಳು. ಸಿದ್ಧಾಂತ: ಹಾಗಲ್ಲ. ಸಂಸ್ಕೃತದ ಮೂಲ ಶಬ್ದವೇ ಉಲ್ಲಾಸ, ಉಲ್ಹಾಸ ಅದರ ಮರಾಠಿ ರೂಪ. ಕೊಲ್ಹಾಪುರಕ್ಕೂ ನಾವು ಇದೇ ನ್ಯಾಯ ಮಾಡಿದ್ದೇವೆ: ಶಾಸನಗಳಲ್ಲಿ ಅದು ಕೊಲ್ಲಾಪುರ, ನಮ್ಮ ಅಜ್ಜಿಯಂದಿರ ಮಹಾಲಕ್ಷ್ಮಿಯೂ ಕೊಲ್ಲಾಪುರದವಳು. ಹೀಗೆ ಬಾಯಿಗೆ ಬಂದಂತೆ ಹೇಳುವವನು ಸಂಸ್ಕೃತಕ್ಕೆ ಹತ್ತಿರವಿದ್ದಾನೆ. ಫಲಕ ನೋಡಿ ಶ್ರದ್ಧೆಯಿಂದ ‘ಉಲ್’ ಎಂದು ನಿಲ್ಲಿಸಿ, ಉಸಿರೆಳೆದು ‘ಹಾಸ್’ ಎನ್ನುವವನು ಮರಾಠಿಗೂ ದೂರ, ಸಂಸ್ಕೃತಕ್ಕೂ ದೂರ.

ಊರಿನಲ್ಲಿ ನೆಲೆಸಿದ ಸಿಂಧಿಗಳ ಕಷ್ಟ ಬೇರೆ. ಅವರ ಭಾಷೆಯಲ್ಲಿ ಗ ಜ ಡ ಬಗಳಿಗೆ ಉಸಿರನ್ನು ಒಳಕ್ಕೆ ಎಳೆದು ನುಡಿಯುವ ನಾಲ್ಕು ಜೊತೆಗಾರ ಧ್ವನಿಗಳಿವೆ. ಅರಬ್ಬಿ ಮೂಲದ ಅವರ ಲಿಪಿಯಲ್ಲಿ 52 ಅಕ್ಷರ. ದೇವನಾಗರಿಯಲ್ಲಿ ಬರೆದರೆ ಆ ನಾಲ್ಕರ ಅಡಿಗೆ ಗೆರೆ ಎಳೆಯಬೇಕು. ಅಂಗಡಿ ಬೋರ್ಡಿನಲ್ಲಿ ಗೆರೆ ಯಾರು ಎಳೆಯುತ್ತಾರೆ? ಎಳೆದರೂ ಯಾರು ಓದುತ್ತಾರೆ? ಬಹುಶಃ ಈ ಸೇಡಿಗೇ ಅವರು ಫಲಕಶಾಸ್ತ್ರದ ಮಹಾಪ್ರಯೋಗವೊಂದನ್ನು ನಡೆಸಿದರೆಂದು ಜನಜನಿತ: ಸರಕಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಎಂದು ಅಚ್ಚು ಹಾಕಿಸುವುದು, ಕೇಳಿದರೆ ‘ಉಲ್ಹಾಸನಗರ ಸಿಂಧಿ ಅಸೋಸಿಯೇಷನ್’ ಎಂದು ಬಿಡಿಸಿ ಹೇಳುವುದು. ಬರೆದದ್ದರಲ್ಲಿ ಸುಳ್ಳಿಲ್ಲ, ಓದಿದವನು ಲಿಖಿತಪಾಠಕ.

ಕಡೆಯದಾಗಿ ನಮ್ಮ ಸ್ವಂತ ಶೋಧನೆ. ಮಧ್ಯ ರೈಲ್ವೆಯ ಈ ಮಾರ್ಗದ ಫಲಕಗಳನ್ನು ಶುದ್ಧ ಕನ್ನಡ ಕಣ್ಣಿನಿಂದ ಅನುಕ್ರಮವಾಗಿ ಓದಿದರೆ ಇದೊಂದು ಪುರಾಣವೆಂದು ತಿಳಿಯುತ್ತದೆ. ಮೊದಲು ಠಾಣೆ, ಪೊಲೀಸರದ್ದು. ಠಾಣೆ ದಾಟಿದ ಕೂಡಲೇ ಕಳವಾ, ಎಂದರೆ ಕಳವು. ಮುಂಬ್ರಾ ಪ್ರಕ್ಷಿಪ್ತ, ಬಿಡಿ. ಕಳವಾದ ಮೇಲೆ ದಿವಾ, ಎಂದರೆ ದಿವಾಳಿ. ದಿವಾಳಿಯಿಂದ ಕೋಪರ್, ಕೋಪ. ಕೋಪ ಬಲಿತು ಡೊಂಬಿವಲಿ, ದೊಂಬಿ. ಠಾಕುರ್ಲಿಯಲ್ಲಿ ಠಾಕೂರ, ಅಂದರೆ ದೇವರು ಪ್ರತ್ಯಕ್ಷ. ಆಮೇಲೆ ಕಲ್ಯಾಣ. ಅನಂತರ ವಿಠಲವಾಡಿಯಲ್ಲಿ ಭಕ್ತಿ, ಉಲ್ಲಾಸನಗರದಲ್ಲಿ ಆನಂದ, ಅಂಬರನಾಥದಲ್ಲಿ ಆಕಾಶಗಮನ, ಬದಲಾಪುರದಲ್ಲಿ ದೇಹ ಬದಲಾವಣೆ. ಮುಂದೆ ಕರ್ಜತ್ ಬರುವುದರಿಂದ, ಮರಾಠಿಯ ಕರ್ಜವೆಂದರೆ ಸಾಲವಾದ್ದರಿಂದ, ಮುಕ್ತಿಯ ನಂತರವೂ ಕಂತು ಕಟ್ಟುವುದಿದೆಯೆಂದು ಊಹಿಸಬೇಕು.

ಈ ಪುರಾಣಕ್ಕೆ ಎರಡು ಪಾಠಗಳು. ಸ್ಲೋ ಲೋಕಲ್‌ನದು ದೀರ್ಘಪಾಠ. ಫಾಸ್ಟ್ ಲೋಕಲ್‌ನ ಸಂಕ್ಷಿಪ್ತಪಾಠದಲ್ಲಿ ಕಳವೂ ಇಲ್ಲ, ಕೋಪವೂ ಇಲ್ಲ. ಠಾಣೆ ಬಿಟ್ಟರೆ ಹೆಚ್ಚಾಗಿ ನೇರ ದೊಂಬಿಯೇ. ಸಂಜೆ ಏಳರ ಹೊತ್ತಿಗೆ ಡೊಂಬಿವಲಿಯಲ್ಲಿ ಇಳಿಯಲು ನೋಡಿದವರು ಇದೇ ಹೆಚ್ಚು ಪ್ರಾಮಾಣಿಕವಾದ ಪಾಠವೆಂದು ಸಾಕ್ಷಿ ಹೇಳುತ್ತಾರೆ.